ಬಿಳಿ ಹೊಗೆಯ ಭಟ್ಟಿ

"ಇನ್ನೊಂದು ಹೆಜ್ಜಿ ಮುಂದ ಇಟ್ರ ತಲಿ ಒಡೀತೇನಿ ನೋಡ್ರಿ!"

ಮೀನಾಳ ಎರಡೂ ಕೈಯಲ್ಲಿ ಕಬ್ಬಿಣದ ಹಾರೆ. ಬೆನ್ನ ಹಿಂದೆ ಅವಳದೇ ಇಟ್ಟಂಗಿ ಭಟ್ಟಿ. ಅದರ ಎತ್ತರದ ಚಿಮಣಿಯಿಂದ ಡಾಂಬರಿನಂಥ ಕರೀ ಹೊಗೆ ಉಕ್ಕಿ ಉಕ್ಕಿ ಬರುತ್ತಿತ್ತು. ಎದುರಿಗೆ ಸರಕಾರಿ ಜೀಪು, ಅದರ ಹಿಂದೆ ಬೆಂಕಿ ಆರಿಸುವ ಕೆಂಪು ಗಾಡಿ.

ಬೈಲಹೊಂಗಲದಿಂದ ಸವದತ್ತಿಗೆ ಹೋಗುವ ದಾರಿ. ಸುತ್ತ ಎರೆಹೊಲ. ಭಟ್ಟಿಯ ಕೆಳಗಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ಗುಂಪುಗಟ್ಟಿ ನಿಂತಿದ್ದರು.

ಜೀಪಿನಿಂದ ಇಳಿದವನು ಹಾರೆಯನ್ನು ನೋಡಿದ. ಆಮೇಲೆ ಅವಳ ಕಣ್ಣು ನೋಡಿದ. ಆಮೇಲೆ... ಆ ಒಂದು ಹೆಜ್ಜೆಯನ್ನು ಇಟ್ಟೇಬಿಟ್ಟ!

"ನಾನು ಅಜಿತ. ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬಂದೇನಿ. ನೀವು ಟೈರ್ ಸುಡಾಕತ್ತೀರಿ. ಬೆಂಕಿ ಆರೂಮಟ ನಾ ಇಲ್ಲಿಂದ ಹೋಗಂಗಿಲ್ಲ."

'ಎಷ್ಟು ಸೊಕ್ಕು ಇವನಿಗೆ!' ಮೀನಾ ಹಲ್ಲು ಕಡಿದಳು. ಉರಿಯುವ ಭಟ್ಟಿಗೆ ನೀರು ಬಿಟ್ಟರೆ ಒಳಗಿನ ಇಟ್ಟಂಗಿಯೆಲ್ಲ ಸಿಡಿದು ಪುಡಿ. ಅಪ್ಪ ಕಟ್ಟಿದ ಭಟ್ಟಿ ಇದು. ಅಪ್ಪ ನಿಜಗುಣಪ್ಪ ಸತ್ತು ವರ್ಷವೂ ತುಂಬಿರಲಿಲ್ಲ.

"ನೀರು ಬಿಡ್ರಿ ನೋಡೋಣು!" ಅವಳು ಹಾರೆ ಎತ್ತಿದಳು.

ಅಷ್ಟರಲ್ಲಿ ಗುಂಪಿನಿಂದ ಯಾರೋ ಬೀಸಿದ ಇಟ್ಟಂಗಿಯ ತುಂಡು ಅಜಿತನ ಹುಬ್ಬಿಗೆ ಬಂದು ಬಡಿಯಿತು. ಟಪ್!

ರಕ್ತ ಕಣ್ಣಿನ ಮೇಲೆ, ಕೆನ್ನೆಯ ಮೇಲೆ, ಬಿಳಿ ಅಂಗಿಯ ಮೇಲೆ ಇಳಿಯಿತು. ಮೀನಾ ಬೆಚ್ಚಿದಳು. ಅವಳು ಹೇಳಿರಲಿಲ್ಲ... ಖಂಡಿತ ಹೇಳಿರಲಿಲ್ಲ!

ಅವನು ಮಾತ್ರ ಅಂಗೈಯಿಂದ ರಕ್ತ ಒರೆಸಿಕೊಂಡ. "ಇನ್ನೂ ಒಗೀತೀರೇನು? ಒಗೀರಿ. ಆದ್ರ ನಾ ಹೋಗಂಗಿಲ್ಲ."

ಅವಳು ಏನೋ ಹೇಳಬೇಕು ಎನ್ನುವಾಗ ಭಟ್ಟಿಯ ಮೇಲಿನಿಂದ ಕಿರುಚಾಟ ಕೇಳಿತು.

ಮೇಲೆ ಟೈರಿನ ತುಂಡು ಹಾಕುತ್ತಿದ್ದ ಭರಮಪ್ಪನ ಕಾಲ ಕೆಳಗೆ ಬೂದಿಯ ಹಾಸು ಕುಸಿದಿತ್ತು. ತೊಡೆಯವರೆಗೆ ಒಳಗೆ ಸಿಕ್ಕಿದ್ದ. ಸುತ್ತಲಿನ ತೂತುಗಳಿಂದ ಬೆಂಕಿಯ ನಾಲಿಗೆ ಭುಸುಗುಡುತ್ತಿತ್ತು.

"ಯವ್ವಾ...! ಸುಡಾಕತ್ತೈತಿ... ಯವ್ವಾ!"

ಆಳುಗಳು ಅಲ್ಲಲ್ಲೇ ಕಲ್ಲಾದರು. ಓಡಿದವನು ಅಜಿತ ಒಬ್ಬನೇ. ಅವನ ಹಿಂದೆ, ಹಾರೆ ಎಸೆದು, ಮೀನಾ.

ಅವನು ಬರಿಗೈಯಲ್ಲಿ ಕೆಂಡದಂಥ ಇಟ್ಟಂಗಿಗಳನ್ನು ಕಿತ್ತು ಕಿತ್ತು ಒಗೆದ. ಚರ್ಮ ಸುಟ್ಟ ವಾಸನೆ. ಯಾರದ್ದು? ಭರಮಪ್ಪನದೋ... ಅವನದೋ... ಮೀನಾ ಭರಮಪ್ಪನ ಕಂಕುಳಿಗೆ ಕೈ ಹಾಕಿ ಜಗ್ಗಿದಳು. ಮೂವರೂ ಒಬ್ಬರ ಮೇಲೊಬ್ಬರು ಉರುಳಿ ಇಳಿಜಾರಿನಲ್ಲಿ ಕೆಳಗೆ ಬಿದ್ದರು.

ಭರಮಪ್ಪನ ಕಾಲು ನೋಡುವಂತಿರಲಿಲ್ಲ.

"ಗಾಡಿ ತೆಗೀರಿ, ಲಗೂನ!" ಎಂದು ಅಜಿತ ಕೂಗಿದಾಗ, ಎರಡು ನಿಮಿಷದ ಹಿಂದೆ ಅವನ ತಲೆ ಒಡೆಯುತ್ತೇನೆಂದವಳು ಪಿಕಪ್ ಗಾಡಿಯತ್ತ ಓಡಿದಳು.

* * *

ದವಾಖಾನೆಯ ಪಡಸಾಲೆಯಲ್ಲಿ ಭರಮಪ್ಪನ ಹೆಂಡತಿ ಲಗಮವ್ವ ಬಂದವಳೇ ಮೀನಾಳ ಜುಟ್ಟು ಹಿಡಿದಳು.

"ನನ್ನ ಗಂಡನ್ನ ಸುಟ್ಯೆಲ್ಲ! ಟೈರಿನ ಜೋಡಿ ಅವನ್ನೂ ಸುಟ್ಯೆಲ್ಲಬೇ!"

ಮೀನಾ ಬಿಡಿಸಿಕೊಳ್ಳಲಿಲ್ಲ. ಹೊಡೆಯಲಿ... ಹೊಡೆದರೆ ಹಗುರಾದೇನು ಅನ್ನಿಸಿತ್ತು ಅವಳಿಗೆ. ಕಡೆಗೆ ಲಗಮವ್ವನೇ ಸೋತು ಅವಳ ಎದೆಗೆ ಒರಗಿ ಅತ್ತಳು.

ಡಾಕ್ಟರು ಹೊರಗೆ ಬಂದು ಹೇಳಿದರು: "ಕಾಲು ಉಳೀತು. ಸುಟ್ಟ ಗಾಯ ಮಾಯ್ತದ. ಆದ್ರ ಎದಿಯೊಳಗ ಮಸಿ ಕೂತದಲ್ಲ, ಅದು ಮಾಯೂದು ಕಠಿಣ. ವರ್ಷಗಟ್ಟಲೆ ಈ ಹೊಗಿ ಕುಡದಾನ."

ಮೀನಾಳಿಗೆ ಅಪ್ಪನ ಕೆಮ್ಮು ನೆನಪಾಯಿತು. ಉಗುಳಿದರೆ ಕಪ್ಪು. ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಇರುತ್ತಿದ್ದ. 'ವಯಸ್ಸಾತು' ಎಂದುಕೊಂಡಿದ್ದರಲ್ಲ ಎಲ್ಲರೂ!

"ನಮ್ಮಪ್ಪನೂ..." ಅವಳ ಬಾಯಿಂದ ಅಷ್ಟೇ ಹೊರಟಿತು.

ಎರಡೂ ಕೈಗೆ ಪಟ್ಟಿ ಕಟ್ಟಿಸಿಕೊಂಡು ಬಂದ ಅಜಿತ ಅವಳ ಪಕ್ಕದ ಬೆಂಚಿನಲ್ಲಿ ಕೂತ. ಬೈಯುತ್ತಾನೆ ಎಂದುಕೊಂಡಳು. ಅವನು ಬೈಯಲಿಲ್ಲ.

"ನಿಮಗ ಟೈರ್ ಯಾರು ಕೊಡ್ತಾರ?"

"ಕಾಂತೇಶ. ನಮ್ಮ ಸೋದರಮಾವನ ಮಗ. ಕಿತ್ತೂರ ಹೈವೇ ಬಾಜೂಕ ಅವನ ಯಾರ್ಡ್ ಐತಿ. ಇಲ್ಲಿ ಎಲ್ಲಾ ಭಟ್ಟಿಗೂ ಅಂವನ ಕೊಡ್ತಾನ. ಬ್ಯಾಡ ಅಂದವರ ಭಟ್ಟಿ..." ಅವಳು ತಡೆದಳು. "ನಡ್ಯಂಗಿಲ್ಲ."

"ನೋಡ್ರಿ, ನಾ ಇವತ್ತ ಬಂದ ರೀತಿ ತಪ್ಪು. ಬೀಗ ಹಾಕಿದ್ರ ನಾಳೆ ಇನ್ನೊಂದು ಕಡೆ ಹೊಗಿ ಏಳ್ತೈತಿ. ಭಟ್ಟಿಯವರು, ಸರಕಾರ ಕೂಡೇ ಮಾಡಿದ್ರ ಮಾತ್ರ ಆಗೂ ಕೆಲಸ ಇದು. ಹೊಲದಾಗ ಸುಮ್ನ ಸುಡೂ ಕಬ್ಬಿನ ರವದಿ ಐತಲ್ಲ, ಒಣಗಿದ ಗರಿ, ಅದನ್ನ ಒತ್ತಿ ಉಂಡಿ ಮಾಡಿ ಉರಸಬಹುದು. ಮಶೀನು, ಇಂಜಿನಿಯರು ನಾವು ಕೊಡ್ತೇವಿ. ಒಳಗ ಇಟ್ಟಂಗಿ ಅಂಕುಡೊಂಕಾಗಿ ಜೋಡಿಸಿದ್ರ ಅರ್ಧ ಉರಿ ಸಾಕು. ಆದ್ರ ಮೊದಲ ಒಬ್ಬರು ಮಾಡಿ ತೋರಸಬೇಕು."

"ಆ ಒಬ್ಬರು ನಾ ಆಗಬೇಕೇನು?"

"ಹೌದ್ರಿ."

"ಕಾಂತೇಶ ಸುಮ್ನ ಇರಂಗಿಲ್ಲ."

"ಗೊತ್ತೈತಿ," ಎಂದ ಅಜಿತ. ಅವನ ಹುಬ್ಬಿನ ಹೊಲಿಗೆಯಿಂದ ಇನ್ನೂ ರಕ್ತ ಜಿನುಗುತ್ತಿತ್ತು. "ನಾನೂ ಸುಮ್ನ ಇರಂಗಿಲ್ಲ."

ಮೀನಾ ಒಳಗಿನ ಕೋಣೆಯತ್ತ ನೋಡಿದಳು. ಭರಮಪ್ಪ ನರಳುವುದು ಕೇಳುತ್ತಿತ್ತು.

"ಮಾಡೋಣು," ಎಂದಳು. "ಆದ್ರ ಮೊದಲ ಇಟ್ಟಂಗಿ ಸುಟ್ಟು ಹೊರಗ ಬರೂಮಟ ನೀವು ಅಲ್ಲೇ ಇರಬೇಕು. ಹೇಳಿ ಓಡಿಹೋಗೂ ಸಾಹೇಬ್ರು ಬ್ಯಾಡ ನಂಗ."

* * *

ಅವನು ಓಡಿಹೋಗಲಿಲ್ಲ.

ಕೈ ಮಾಯುವ ಮೊದಲೇ ಭಟ್ಟಿಗೆ ಬಂದ. ಇಂಜಿನಿಯರುಗಳನ್ನು ಕರೆತಂದ. ಆಳುಗಳ ಜೊತೆ ಕೂತು ಇಟ್ಟಂಗಿಯ ಸಾಲು ಮತ್ತೆ ಮತ್ತೆ ಕೆಡವಿ ಕಟ್ಟಿಸಿದ. ಮೀನಾ ಸುತ್ತಲಿನ ಹೊಲಗಳಿಂದ ರವದಿ ತುಂಬಿಸಿ ತಂದಳು. ತಾನೇ ಟ್ರ್ಯಾಕ್ಟರು ಹೊಡೆದಳು, ತಾನೇ ಜಗಳಾಡಿದಳು.

"ಹಿಂಗ ಜೋಡಿಸಿದ್ರ ಗಾಳಿ ಆಡಂಗಿಲ್ಲ!"

"ಹಂಗ ಜೋಡಿಸಿದ್ರ ಇಟ್ಟಂಗಿ ಹಸಿ ಉಳೀತಾವು!"

"ನೀವು ಎಷ್ಟ ಭಟ್ಟಿ ಹಾಕೀರಿ ಸಾಹೇಬ್ರ?"

"ನೀವು ಎಷ್ಟ ಚಿಮಣಿ ಅಳದೀರಿ ಮೇಡಂ?"

ಜಗಳ ಮುಗಿದ ಮೇಲೆ ಇಬ್ಬರಿಗೂ ನಗು ಬರುತ್ತಿತ್ತು. ಮನೆಗೆ ಹೋಗಿ ತಲೆಗೆ ನೀರು ಹಾಕಿಕೊಳ್ಳುವಾಗ ಮೀನಾಳಿಗೆ ಅನ್ನಿಸುತ್ತಿತ್ತು... 'ನಾಳೆ ಯಾವ ವಿಷಯಕ್ಕೆ ಜಗಳ ತೆಗೆಯಲಿ?'

ಒಂದು ದಿನ ಅವ್ವ ಗುರವ್ವ ಭಟ್ಟಿಗೆ ಚಹಾ ತಂದಳು. ಅಜಿತನಿಗೂ ಒಂದು ಕಪ್ಪು ಕೊಟ್ಟಳು.

"ಯಾವೂರಪ್ಪಾ ನಿಮ್ದು? ಯಾರ ಪೈಕಿ?"

"ರಾಮದುರ್ಗರಿ. ನಾವು ಬೌದ್ಧರು. ಅಪ್ಪ ಸಾಲಿ ಮಾಸ್ತರ ಇದ್ರು."

ಗುರವ್ವನ ಮುಖದ ನಗೆ ಅಲ್ಲಿಯೇ ನಿಂತುಬಿಟ್ಟಿತು. ಅವನು ಅರ್ಧ ಕುಡಿದಿಟ್ಟ ಕಪ್ಪನ್ನು ಅವಳು ಉಳಿದ ಕಪ್ಪುಗಳ ಜೊತೆ ಎತ್ತಲಿಲ್ಲ. ಕಾಲಿನಿಂದ ಅತ್ತ ಸರಿಸಿದಳು.

ಅಜಿತ ಅದನ್ನು ನೋಡಿದ. ನೋಡದವನ ಹಾಗೆ ಚಿಮಣಿಯತ್ತ ತಿರುಗಿದ.

ಮೀನಾ ಬಗ್ಗಿ ಆ ಕಪ್ಪು ಎತ್ತಿಕೊಂಡಳು. ಅದರಲ್ಲಿ ಉಳಿದಿದ್ದ ತಣ್ಣನೆ ಚಹಾವನ್ನು, ಅವ್ವನ ಕಣ್ಣಲ್ಲಿ ಕಣ್ಣಿಟ್ಟು, ಒಂದೇ ಗುಟುಕಿಗೆ ಕುಡಿದಳು.

"ಮೀನಾ!"

"ಚಹಾ ಚೊಲೋ ಆಗೈತಿ ಯವ್ವಾ."

ಅಜಿತ ಅವಳನ್ನು ನೋಡಿದ ನೋಟ... ಅಯ್ಯೋ! ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಸುಮ್ಮನೆ ಟ್ರ್ಯಾಕ್ಟರ್ ಹತ್ತಿ, ಕೆಲಸವೇ ಇಲ್ಲದ ಹೊಲದ ಕಡೆ ಹೊಡೆದುಕೊಂಡು ಹೋದಳು.

ಮೊದಲ ಉರಿ ಹಾಕಿದ ದಿನ ಎಲ್ಲರೂ ತಲೆಯೆತ್ತಿ ನಿಂತಿದ್ದರು. ಚಿಮಣಿ ಮೊದಲು ಕಪ್ಪಗೆ ಕೆಮ್ಮಿತು. ಆಮೇಲೆ ಬೂದಿ ಬಣ್ಣ. ಆಮೇಲೆ... ಹಾಲು ಕಾಯಿಸುವಾಗ ಏಳುವಂಥ ತೆಳ್ಳನೆ ಬಿಳಿ ಹೊಗೆ!

"ಬಿಳೇದು! ಬಿಳೇದು ಬಂತು!" ಆಳುಗಳು ಕೇಕೆ ಹಾಕಿದರು.

ಮೀನಾಳಿಗೆ ತಿಳಿಯದೇ ಅವಳ ಕೈ ಅಜಿತನ ಸುಟ್ಟ ಕೈಯನ್ನು ಹಿಡಿದಿತ್ತು. ಇಬ್ಬರೂ ಬಿಡಿಸಿಕೊಳ್ಳಲಿಲ್ಲ.

* * *

ಸುದ್ದಿ ಹರಡಿತು. ಹಿರಿಯ ಭಟ್ಟಿಯವ ಸಂಗಪ್ಪ ಮೊದಲು ಬಂದು ನೋಡಿದ. "ಸರಕಾರ ಇಷ್ಟದಿನ ಬಡಿಗಿ ಹಿಡ್ಕೊಂಡ ಬರ್ತಿತ್ತು. ಈಗ ಕೈ ಹಿಡೀತೇನಿ ಅನ್ನಾಕತ್ತೈತಿ. ನಾ ಟೈರ್ ಬಿಟ್ಟೆ," ಎಂದ. ಅವನ ಮಾತಿಗೆ ಉಳಿದವರೂ ತಲೆದೂಗಿದರು. ಬೈಲಹೊಂಗಲದಲ್ಲಿ ಸಭೆ ಸೇರಿ ಸರಕಾರದ ಜೊತೆ ಒಪ್ಪಂದಕ್ಕೆ ಸಹಿ ಹಾಕುವುದೆಂದು ನಿಶ್ಚಯವಾಯಿತು.

ಸಭೆಗೆ ಮೂರು ದಿನ ಇರುವಾಗ ವಾರದ ಸಂತೆಯಲ್ಲಿ ಕಾಂತೇಶ ಬಂದ.

ಹಾಡುಹಗಲು. ತುಂಬಿದ ಸಂತೆ. ಕಾಂತೇಶನ ಮಂದಿ ಸಂಗಪ್ಪನನ್ನು ಕಾಯಿಪಲ್ಲೆ ರಾಶಿಯ ಮೇಲೆ ಕೆಡವಿದರು. ಕಾಂತೇಶನೇ ಸಲಾಕೆ ಎತ್ತಿದ. ಒಂದು ಪೆಟ್ಟು... ಮೊಣಕಾಲಿನ ಕೆಳಗೆ ಎಲುಬು ಮುರಿದ ಸದ್ದು ಸಂತೆಗೆಲ್ಲ ಕೇಳಿತು.

"ಇನ್ಯಾರ ಟೈರ್ ಬಿಡಾವ್ರು?" ಕಾಂತೇಶ ಸುತ್ತ ತಿರುಗಿ ಕೇಳಿದ. ಗುಂಪು ಸೀಳಿ ಓಡಿಬಂದ ಮೀನಾಳನ್ನು ನೋಡಿ ಅವನು ನಕ್ಕ.

"ನಿನ್ನ ಮುಟ್ಟಂಗಿಲ್ಲ ನಾನು. ನನ್ನ ಹೇಂತಿ ಆಗಾಕಿ ನೀನು. ಆ ಸಾಹೇಬಗ ಹೇಳು, ಮುಂದಿನ ಸರತಿ ಅವಂದು."

ಮೀನಾಳಿಗೆ ಮೈಯೆಲ್ಲ ಬೆಂಕಿ. ಸಂಗಪ್ಪನನ್ನು ದವಾಖಾನೆಗೆ ಸೇರಿಸಿ, ಮರುದಿನ ಒಬ್ಬಳೇ ಕಿತ್ತೂರಿಗೆ ಹೊರಟಳು. ನೇರ ಅವನ ಮುಖಕ್ಕೆ ಉಗುಳಿ ಬರಬೇಕು... ಸಣ್ಣವಳಿದ್ದಾಗ ಹಿರಿಯರು ಆಡಿಟ್ಟ ಈ ಸಂಬಂಧ ಮುಗಿಯಿತು ಎಂದು ಹೇಳಿ ಬರಬೇಕು!

ಯಾರ್ಡಿನ ಗೇಟು ಅರ್ಧ ತೆರೆದಿತ್ತು. ಟೈರಿನ ಗುಡ್ಡಗಳ ನಡುವೆ ತಗಡಿನ ನೆರಳು. ನೆರಳಲ್ಲಿ ಎರಡು ಕುರ್ಚಿ.

ಒಂದರಲ್ಲಿ ಕಾಂತೇಶ.

ಇನ್ನೊಂದರಲ್ಲಿ... ಅಜಿತ!

ಇಬ್ಬರೂ ನಗುತ್ತಿದ್ದರು. ಕಾಂತೇಶ ಕೈ ಚಾಚಿದ. ಅಜಿತ ಆ ಕೈ ಕುಲುಕಿದ.

ಮೀನಾ ಗೇಟಿನ ಕಂಬ ಹಿಡಿದು ನಿಂತಳು. ಸಂಗಪ್ಪನ ಕಾಲು ಮುರಿದ ಕೈ ಅದು. ನಿನ್ನೆ ಮುರಿದ ಕೈ! ಅದನ್ನು ಇವನು... ಈ ಅಂಗೈಯಿಂದ...

ಅವಳು ಒಳಗೆ ಹೋಗಲಿಲ್ಲ. ಹೇಗೆ ಗಾಡಿ ಹತ್ತಿದಳೋ, ಹೇಗೆ ಊರು ಮುಟ್ಟಿದಳೋ ಅವಳಿಗೇ ಗೊತ್ತಾಗಲಿಲ್ಲ.

ಅಂದು ಸಂಜೆ ಅಜಿತ ಭಟ್ಟಿಗೆ ಬಂದಾಗ ಅವಳು ಕಾಯುತ್ತಿದ್ದಳು.

"ಕಿತ್ತೂರಾಗ ಏನ್ ಕೆಲಸ ಇತ್ತು ನಿಮಗ?"

ಅವನ ಮುಖ ಬಿಳುಚಿತು. "ನೀವು... ಅಲ್ಲಿ ಬಂದಿದ್ರೇನು?"

"ಕೇಳಿದ್ದಕ್ಕ ಉತ್ತರ ಕೊಡ್ರಿ!"

"ಮೀನಾ, ಈಗ ಹೇಳಾಕ ಬರಂಗಿಲ್ಲ. ಮಾತು ಕೊಟ್ಟೇನಿ. ಎರಡ ದಿನ ನನ್ನ ನಂಬ್ರಿ, ಅಷ್ಟ..."

ಫಟಾರ್!

ಆಳುಗಳೆಲ್ಲ ತಿರುಗಿ ನೋಡಿದರು. ಅವನ ಕೆನ್ನೆಯ ಮೇಲೆ ಅವಳ ಐದೂ ಬೆರಳು ಮೂಡಿದ್ದವು. ಅಷ್ಟಕ್ಕೆ ನಿಂತಿದ್ದರೂ ಆಗುತ್ತಿತ್ತು. ಆದರೆ ಸಿಟ್ಟು ಅವಳ ನಾಲಿಗೆಯನ್ನೂ ಹಿಡಿದಿತ್ತು.

"ಅವ್ವ ಮಾಡಿದ್ದ ಖರೆ ಇತ್ತು. ನಿಮ್ಮಂಥಾವರನ್ನ ಮನಿ ಬಾಗಲದಾಗ ಬಿಟ್ಕೊಳ್ಳಬಾರದಿತ್ತು!"

ಮಾತು ಹೊರಗೆ ಬಿದ್ದ ಕ್ಷಣವೇ ಅವಳಿಗೆ ಅದರ ತೂಕ ತಿಳಿಯಿತು. 'ನಾನು... ನಾನು ಹೇಳಿದ್ದು ಆ ಅರ್ಥದಲ್ಲಲ್ಲ...' ಆದರೆ ಅವನಿಗೆ ಬೇರೆ ಯಾವ ಅರ್ಥ ಕೇಳಿಸೀತು?

ಇಟ್ಟಂಗಿ ಬಿದ್ದಾಗ ಅಲುಗದವನು, ಕೆಂಡ ಹಿಡಿದಾಗ ಅಳದವನು... ಅವನ ಕಣ್ಣು ತುಂಬಿತು.

"ನಮ್ಮಂಥಾವರು..." ಎಂದ ಮೆಲ್ಲಗೆ. "ಸರಿರಿ."

ಅಷ್ಟೇ. ಜೀಪು ಹತ್ತಿ ಹೊರಟುಹೋದ.

* * *

ಸಭೆಯ ದಿನ ಮೀನಾ ಬೈಲಹೊಂಗಲಕ್ಕೆ ಹೋದಳು. ಕುರ್ಚಿಗಳು ಅರ್ಧಕ್ಕರ್ಧ ಖಾಲಿ. ಬಂದ ಭಟ್ಟಿಯವರೂ ಬಾಗಿಲತ್ತ ಹೆದರಿ ನೋಡುತ್ತಿದ್ದರು. ಅಜಿತನ ಮೇಲಿನ ಅಧಿಕಾರಿ ವಿಜಯ ಸಾಹೇಬರು ಫೋನು ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಅಜಿತ ಎಲ್ಲೂ ಇಲ್ಲ.

"ನಿಮ್ಮ ಅಜಿತ ಸಾಹೇಬ್ರು ಕಾಂತೇಶನ ಕೂಡ ಚಹಾ ಕುಡ್ಯಾಕ ಹೋಗಿರಬೇಕಲ್ರಿ?" ಮೀನಾ ಕಹಿಯಾಗಿ ಕೇಳಿದಳು.

ವಿಜಯ ಸಾಹೇಬರು ಗಕ್ಕನೆ ನಿಂತರು.

"ನಿಮಗ ಗೊತ್ತಿಲ್ಲೇನು? ಕಾಂತೇಶ ಆ ಯಾರ್ಡಿನ ಹಿಂದ ಕದ್ದು ಟೈರ್ ಬೇಯಿಸಿ ಎಣ್ಣಿ ತೆಗೀತಾನ. ಇಡೀ ಸೀಮಿಗೆ ವಿಷದ ಹೊಗಿ ಅಲ್ಲಿಂದ. ಅದನ್ನ ಕಣ್ಣಾರೆ ನೋಡಾಕ ಅಜಿತ ಲಂಚಕ್ಕ ಒಪ್ಪಿದವನ ಹಂಗ ನಾಟಕ ಮಾಡಿ ಒಳಗ ಹೋಗಿದ್ದ. ಇವತ್ತ ಪೊಲೀಸ್ ದಾಳಿ ಇತ್ತು. ಯಾರಿಗೂ ಹೇಳಬಾರದು ಅಂತ ನಾನ ಆಣೆ ಹಾಕಿಸಿದ್ದೆ."

ಮೀನಾಳ ಕಿವಿಯಲ್ಲಿ ಏನೋ ಗುಂಯ್ ಎಂದಿತು. "ಮತ್ತ... ಈಗ ಎಲ್ಲೆದಾರ?"

"ಕಾಂತೇಶಗ ಸುಳಿವು ಸಿಕ್ಕತಿ. ಆ ಎಣ್ಣಿ ತೆಗಿಯೂ ಶೆಡ್ಡಿಗೆ ಬೆಂಕಿ ಹಚ್ಚಿ ಎಲ್ಲಾ ಮುಚ್ಚಿಹಾಕಾಕ ನಿಂತಾನ. ಸಾಕ್ಷಿ ಉಳೀಬಾರದಂತ ಒಳಗ ಕೆಲಸದವರನ್ನ ಕೂಡಿ ಕೀಲಿ ಹಾಕಿದಾನಂತ. ಬೆಳಗಾವಿಯಿಂದ ಪೊಲೀಸರು ಬರೂಮಟ ತಡೀಲಾರದ ಅಜಿತ ಒಬ್ಬ ಪೇದೆನ ಕರಕೊಂಡು ಹೋಗಿಬಿಟ್ಟಾನ. ಈಗ ಫೋನ್ ಎತ್ತವಲ್ಲ!"

ಮೀನಾ ಉಳಿದದ್ದು ಕೇಳಲಿಲ್ಲ. ಅವಳಾಗಲೇ ಪಿಕಪ್ಪಿನತ್ತ ಓಡುತ್ತಿದ್ದಳು.

'ಎರಡ ದಿನ ನಂಬ್ರಿ ಅಂದಿದ್ದೆಲ್ಲೋ... ಎರಡೇ ಎರಡು ದಿನ! ನಾನೇನು ಕೊಟ್ಟೆ ನಿನಗೆ? ಕೆನ್ನೆಗೊಂದು ಪೆಟ್ಟು... ಎದೆಗೊಂದು ಪೆಟ್ಟು...'

ಕಿತ್ತೂರು ಇನ್ನೂ ದೂರವಿರುವಾಗಲೇ ಕಂಡಿತು. ನಡುಮಧ್ಯಾಹ್ನದ ಆಕಾಶಕ್ಕೆ ಕರೀ ಕಂಬ ನೆಟ್ಟಂತೆ ಹೊಗೆ.

ಯಾರ್ಡಿನ ಗೇಟು ಮುಚ್ಚಿತ್ತು. ಮೀನಾ ಬ್ರೇಕು ಒತ್ತಲಿಲ್ಲ. ತಗಡು ಸೀಳುವ ಸದ್ದು, ಮುಂದಿನ ಗಾಜು ಪುಡಿಪುಡಿ. ಗಾಡಿ ಟೈರಿನ ರಾಶಿಗೆ ಬಡಿದು ನಿಂತಿತು. ಅವಳ ಹಣೆ ಒಡೆದಿತ್ತು. ಒರೆಸಿಕೊಂಡು ಕೆಳಗೆ ಜಿಗಿದಳು.

ಪೇದೆ ತಲೆ ಒಡೆಸಿಕೊಂಡು ಗೋಡೆಯ ಬದಿ ಬಿದ್ದಿದ್ದ. ಸ್ವಲ್ಪ ಮುಂದೆ ಉರಿಯುವ ಟೈರುಗಳ ನಡುವೆ ಅಜಿತ ಮೊಣಕಾಲೂರಿದ್ದ. ಬಾಯಲ್ಲಿ, ಮೂಗಲ್ಲಿ ರಕ್ತ. ಕಾಂತೇಶನ ಮಂದಿಯೆಲ್ಲ ಬೆಂಕಿ ಕಂಡು ಓಡಿಹೋಗಿದ್ದರು. ಕಾಂತೇಶ ಒಬ್ಬನೇ ಅವನ ಮೇಲೆ ನಿಂತಿದ್ದ. ಕೈಯಲ್ಲಿ ಮಚ್ಚು.

"ನನ್ನ ಕೈ ಕುಲಕಿ ನನಗ ಮೋಸ ಮಾಡ್ತಿ? ನನಗ?" ಒದ್ದ. ಅಜಿತ ಮಗುಚಿ ಬಿದ್ದ. ಮತ್ತೆ ಒದ್ದ.

"ಕಾಂತೇಶಾ!"

ಅವನು ತಿರುಗಿದ. "ಬಂದ್ಯಾ? ಚೊಲೋ ಆತು. ನೀ ನೋಡಾಕತ್ತಾಗನ ಕಡೀತೇನಿ ಇವನ್ನ. ಹುಟ್ಟಿದಾಗಿಂದ ನೀ ನನ್ನಾಕಿ!"

"ನಾ ಯಾರಾಕಿನೂ ಅಲ್ಲ! ದಾರಿ ಬಿಡು!"

ಗಾಡಿಯಿಂದ ಇಳಿಯುವಾಗ ಎಳೆದುಕೊಂಡಿದ್ದ ಜಾಕಿನ ಸಲಾಕೆ ಅವಳ ಕೈಯಲ್ಲಿತ್ತು. ಕಾಂತೇಶ ಮಚ್ಚು ಬೀಸಿದ. ಅವಳ ಎಡಗೈ ಮೊಣಕೈಯವರೆಗೆ ಸೀಳಿತು. ಬಿಸಿ ರಕ್ತ ಬಳೆಗಳ ಮೇಲೆ ಹರಿಯಿತು. ನೋವು ಆಮೇಲೆ ಬರಲಿ! ಅವಳು ಬಲಗೈಯಿಂದ ಇಡೀ ಮೈಯ ಬಲ ಹಾಕಿ ಬೀಸಿದಳು... ಅವನ ಮೊಣಕಾಲಿಗೆ.

ಕಾಂತೇಶ ಕಿರುಚುತ್ತ ಕುಸಿದ. ಮಚ್ಚು ದೂರ ಹಾರಿತು. ಅವಳು ಮತ್ತೆ ಸಲಾಕೆ ಎತ್ತಿದಳು. ತಲೆಗೆ... ಒಂದೇ ಪೆಟ್ಟು... ಮುಗಿದುಹೋಗಲಿ...

"ಮೀನಾ... ಬ್ಯಾಡ!" ಅಜಿತನ ದನಿ ಹೊಗೆಯನ್ನು ಸೀಳಿ ಬಂತು. "ಶೆಡ್... ಒಳಗ ಮಂದಿ ಅದಾರ... ಮೊದಲ ಅವರನ್ನ..."

ಅವಳು ಸಲಾಕೆ ಬಿಸಾಡಿದಳು.

ಟೈರು ಎತ್ತುವ ದೊಡ್ಡ ಲೋಡರ್ ಅಲ್ಲೇ ನಿಂತಿತ್ತು, ಕೀಲಿ ಅದರಲ್ಲೇ. ಟ್ರ್ಯಾಕ್ಟರು ಹೊಡೆದ ಕೈ. ಒಂದೇ ಕೈಯಲ್ಲಿ ಅದನ್ನು ತಿರುಗಿಸಿ, ಉರಿಯುವ ಶೆಡ್ಡಿನ ಬಾಗಿಲಿಗೆ ಹಲ್ಲು ಚುಚ್ಚಿ ಹಿಂದಕ್ಕೆ ಜಗ್ಗಿದಳು. ತಗಡು ಕಿತ್ತು ಬಂತು. ಒಳಗಿಂದ ಕರೀ ಹೊಗೆಯ ಜೊತೆ ಮನುಷ್ಯರು ಉರುಳಿದರು. ಒಬ್ಬ... ಇನ್ನೊಬ್ಬ... ಕೆಮ್ಮುತ್ತ, ಮುಗ್ಗರಿಸುತ್ತ ಮತ್ತೊಬ್ಬ!

"ಇನ್ನೂ ಯಾರರ ಅದಾರೇನು?"

"ಇಲ್ಲಕ್ಕಾ... ಅಷ್ಟ ಮಂದಿ..."

ತೆವಳಿಕೊಂಡು ಗೇಟಿನತ್ತ ಹೊರಟಿದ್ದ ಕಾಂತೇಶನ ಮೇಲೆ ಅವರೇ ಮುಗಿಬಿದ್ದು ಹಿಡಿದರು. ಮೀನಾ ತಿರುಗಿ ನೋಡಿದಳು. ಅಜಿತ ಬಿದ್ದಲ್ಲಿ ಈಗ ಬರೀ ಹೊಗೆ.

ಓಡಿದಳು. ಕಣ್ಣು ಕಾಣಲಿಲ್ಲ. ಕೈಯಾಡಿಸುತ್ತ ಹುಡುಕಿದಳು. ಬಿಸಿ ರಬ್ಬರು... ಬಿಸಿ ತಂತಿ... ಆಮೇಲೆ ಒಂದು ಕೈ. ಸುಟ್ಟು ಮಾಯ್ದ ಗೆರೆಗಳ ಅಂಗೈ!

"ಅಜಿತಾ! ಕಣ್ಣ ತೆಗೀರಿ! ಕೇಳಸಾಕತ್ತೈತೇನು?"

ಅವನು ಮಾತಾಡಲಿಲ್ಲ. ಅವಳು ಅವನ ಅಂಗಿ ಹಿಡಿದು ಜಗ್ಗಿದಳು. ಒಂದು ಕೈಯಲ್ಲಿ ಬಲವಿಲ್ಲ, ಉಸಿರಿಲ್ಲ. ಜಗ್ಗಿದಳು, ಬಿದ್ದಳು, ಎದ್ದು ಮತ್ತೆ ಜಗ್ಗಿದಳು. ಮುರಿದ ಗೇಟಿನ ಆಚೆ ಹೈವೇಯ ಗಾಳಿ ಮುಖಕ್ಕೆ ಬಡಿದಾಗ ಪೊಲೀಸ್ ಗಾಡಿಗಳು ಬಂದು ನಿಲ್ಲುತ್ತಿದ್ದವು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಎಲ್ಲರೆದುರು ಹೋ ಎಂದು ಅತ್ತಳು.

* * *

ಬೆಳಗಾವಿಯ ದವಾಖಾನೆಯಲ್ಲಿ ಅವನು ಕಣ್ಣು ತೆರೆದದ್ದು ಮೂರನೆಯ ದಿನ. ಪಕ್ಕೆಲುಬು ಮುರಿದಿದ್ದವು. ಹೊಗೆಗೆ ಗಂಟಲು ಸುಟ್ಟಿತ್ತು.

ಮೀನಾ ಹಾಸಿಗೆಯ ಪಕ್ಕದಲ್ಲಿದ್ದಳು. ಎಡಗೈಗೆ ಉದ್ದ ಪಟ್ಟಿ. ನಿದ್ದೆಯಿಲ್ಲದ ಕಣ್ಣು.

"ಮಾತಾಡಬ್ಯಾಡ್ರಿ," ಎಂದಳು. "ಡಾಕ್ಟರು ಬ್ಯಾಡ ಅಂದಾರ. ನಾ ಮಾತಾಡ್ತೇನಿ. ನೀವು ಕೇಳ್ರಿ."

ಅವನು ಅವಳತ್ತ ಮುಖ ತಿರುಗಿಸಿದ.

"ಅವತ್ತ ನಾ ಅಂದ ಮಾತು... ಅದನ್ನ ಸಿಟ್ಟಿನಾಗ ಅಂದೆ ಅಂತ ತಪ್ಪಿಸಿಕೊಳ್ಳಂಗಿಲ್ಲ ನಾನು. ಅದು ನನ್ನ ಒಳಗ ಎಲ್ಲೋ ಇತ್ತು, ಅದಕ್ಕ ಹೊರಗ ಬಂತು. ಚಹಾ ಕುಡದ್ರ ಮುಗೀತು ಅನ್ಕೊಂಡಿದ್ದೆ. ಮುಗದಿರಲಿಲ್ಲ." ಅವಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ನೀವು ಕ್ಷಮಾ ಮಾಡಬೇಕಂತಿಲ್ಲ. ಆದ್ರ ಇನ್ನೆಂದೂ ಆ ಮಾತು ನನ್ನ ಬಾಯಾಗ ಹುಟ್ಟಂಗಿಲ್ಲ."

ಅಜಿತ ಕಣ್ಣು ಮುಚ್ಚಿದ. ಆಮೇಲೆ ಪಿಸುಗುಟ್ಟಿದ:

"ಬಾಳ ನೋವಾಗಿತ್ತು."

"ಗೊತ್ತೈತಿ."

"ಕಾಂತೇಶ ಒದ್ದದ್ದಕ್ಕಿಂತ."

ಅವಳು ತುಟಿ ಕಚ್ಚಿ ತಲೆಯಾಡಿಸಿದಳು. ಅವನು ಹಾಸಿಗೆಯ ಮೇಲೆ ಕೈ ಬಿಡಿಸಿಟ್ಟ. ಅವಳು ಅದರಲ್ಲಿ ತನ್ನ ಕೈ ಇಟ್ಟಳು.

"ಸಭೆ...?"

"ಆತು! ಸಂಗಪ್ಪ ಕಾಕಾ ಪ್ಲಾಸ್ಟರ್ ಹಾಕ್ಕೊಂಡು ಮಕ್ಕಳ ಹೆಗಲಮ್ಯಾಗ ಕುಂತು ಬಂದ. ಮೊದಲ ಸಹಿ ಅವಂದು. ಅವನ್ನ ನೋಡಿ ಉಳದಾವ್ರೆಲ್ಲಾ ಹಾಕಿದ್ರು. ಎಲ್ಲಾ ಭಟ್ಟಿಗೂ ಸರಕಾರದವರು ಇಂಜಿನಿಯರ್ ಕಳಸಾಕತ್ತಾರ. ಭರಮಪ್ಪಗ ರವದಿ ಮಶೀನಿನ ಉಸ್ತುವಾರಿ ಕೊಟ್ಟೇನಿ, ಇನ್ನ ಅಂವ ಹೊಗಿ ಹತ್ರ ಹೋಗಂಗಿಲ್ಲ. ಕಾಂತೇಶ ಜೇಲಿನಾಗ ಅದಾನ."

ಬಾಗಿಲಲ್ಲಿ ಬಳೆಯ ಸದ್ದು. ಗುರವ್ವ ನಿಂತಿದ್ದಳು. ಕೈಯಲ್ಲಿ ಗಂಜಿಯ ಡಬ್ಬಿ. ಒಳಗೆ ಬಂದು ಅಜಿತನ ಮುಖವನ್ನೇ ನೋಡಿದಳು. ಡಬ್ಬಿ ತೆರೆದು ಚಮಚದಲ್ಲಿ ಗಂಜಿ ಆರಿಸಿ ಅವನ ತುಟಿಗೆ ಹಿಡಿದಳು.

"ಕುಡಿಯಪ್ಪಾ... ಬಿಸಿ ಇಲ್ಲ."

ಅವನು ಕುಡಿದ. ಗುರವ್ವ ಸೆರಗಿನಿಂದ ಅವನ ಗಲ್ಲ ಒರೆಸಿ, ಡಬ್ಬಿ ಮಗಳ ಕೈಗಿತ್ತು, ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಹೋದಳು.

ಇಬ್ಬರೇ ಉಳಿದರು. ಮೀನಾ ಡಬ್ಬಿಯ ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು.

"ನಾ ರಾಮದುರ್ಗಕ್ಕ ಹೋಗಬೇಕು ಅಂತ ಮಾಡೇನಿ," ಎಂದಳು.

"ಯಾಕ್ರಿ?"

"ನಿಮ್ಮ ಅವ್ವನ ಹತ್ರ ನಿಮ್ಮನ್ನ ಕೇಳಾಕ."

ಅವನ ಕಣ್ಣು ಅಗಲವಾದವು. "ಹುಡುಗಿ... ಹೋಗಿ ಕೇಳೂದೇನು?"

"ಯಾಕ, ಕೇಳಬಾರದೇನು? ನನಗ ನೀವು ಬೇಕು. ಬೇಕಾದಾಕಿ ಕೇಳ್ತಾಳ."

"ನಮ್ಮವ್ವ ಇಲ್ಲ ಅಂದ್ರ?"

"ಮರುದಿನ ಮತ್ತ ಹೋಗ್ತೇನಿ. ಭಟ್ಟಿಯವರನ್ನೆಲ್ಲಾ ಕರಕೊಂಡು ಹೋಗಿ ಬಾಗಲದಾಗ ಕುಂದ್ರತೇನಿ. ಸಂಗಪ್ಪ ಕಾಕಾನ್ನ ಹೊತ್ಕೊಂಡು ಹೋಗ್ತೇವಿ!"

ಅಜಿತನಿಗೆ ನಗು ಉಕ್ಕಿತು. ನಗುವಿನ ಹಿಂದೆ ನೋವೂ ಉಕ್ಕಿತು. ಪಕ್ಕೆ ಹಿಡಿದುಕೊಂಡ.

"ಏ... ನಗಸಬ್ಯಾಡ! ಎಲುಬು ನೋಯತಾವು."

ಅವಳ ಕಿವಿ ಕೆಂಪಗಾಯಿತು.

"ಏನಂದ್ರಿ?"

"ನಗಸಬ್ಯಾಡ ಅಂದೆ."

"'ನಗಸಬ್ಯಾಡ್ರಿ' ಅನ್ಲಿಲ್ಲ ನೀವು..."

ಅವನು ಅವಳ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡ. "ತಪ್ಪಾತೇನು?"

"ಇಲ್ಲ..." ಅವಳು ಬಗ್ಗಿ, ಅವನ ಹುಬ್ಬಿನ ಹಳೆಯ ಗಾಯಕ್ಕೆ ಮೆಲ್ಲಗೆ ಹಣೆ ತಾಗಿಸಿದಳು. "ಇನ್ನೊಮ್ಮೆ ಅನ್ನು."